ಟವರ್ ಇಲ್ಲದ ಮನೆಯಲ್ಲೂ ಫೋನ್ ರಿಂಗ್ ಆಗಲಿ: ಘಟ್ಟ ಮತ್ತು ಕರಾವಳಿಯ ಮನೆಗಳಿಗೆ ಇಂಟರ್ನೆಟ್ ಕಾಲ್ ಕೈಪಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಎಷ್ಟೋ ಮನೆಗಳಲ್ಲಿ ಫೋನ್ ಮಾಡಲು ಇವತ್ತಿಗೂ ಒಂದು ಗೊತ್ತಾದ ಜಾಗ ಇದೆ. ಕೊಟ್ಟಿಗೆ ಹಿಂದಿನ ದಿಬ್ಬ, ತೋಟದ ಮೇಲಿನ ಬೆಟ್ಟ, ಇಲ್ಲವೇ ಜಗಲಿಯ ಒಂದೇ ಒಂದು ಕಿಟಕಿ. ಅಲ್ಲಿ ನಿಂತರೆ ಒಂದು ಕಡ್ಡಿ ಸಿಗ್ನಲ್, ಎರಡು ಹೆಜ್ಜೆ ಸರಿದರೆ ಅದೂ ಇಲ್ಲ. ಅದೇ ಮನೆಯೊಳಗೆ ಫೈಬರ್ ಇಂಟರ್ನೆಟ್ ಬಂದು ವರ್ಷವಾಗಿರುತ್ತದೆ, ಟಿವಿಯಲ್ಲಿ ಯೂಟ್ಯೂಬಿನ ಯಕ್ಷಗಾನ ಸಲೀಸಾಗಿ ಓಡುತ್ತಿರುತ್ತದೆ. ಆ ಫೈಬರಿನಲ್ಲೇ ನಿಮ್ಮ ಮೊಬೈಲ್ ನಂಬರಿನ ಕಾಲ್ ಬರುತ್ತದೆ, ಬ್ಯಾಂಕಿನ ಒಟಿಪಿ ಬರುತ್ತದೆ, ದುಬೈನಲ್ಲಿರುವ ಮಗನ ಮುಖವೂ ಕಾಣುತ್ತದೆ. ಬೇಕಾದದ್ದು ಫೋನಿನಲ್ಲಿ ಒಂದೆರಡು ಸೆಟ್ಟಿಂಗ್, ರೂಟರಿಗೆ ಸರಿಯಾದ ಜಾಗ, ಕರೆಂಟು ಹೋದಾಗ ಅದನ್ನು ಉಳಿಸಿಕೊಳ್ಳುವ ಒಂದು ಬ್ಯಾಟರಿ. ಹೊಸ ಟವರಿಗೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ, ಆದರೆ ಅದು ಬರುವವರೆಗೆ ಮಳೆಯಲ್ಲಿ ಕೊಡೆ ಹಿಡಿದು ದಿಬ್ಬ ಹತ್ತುವ ಅಗತ್ಯವಿಲ್ಲ.

ಮೊದಲು ಮಾಡಬೇಕಾದ್ದು: ವೈ-ಫೈ ಕಾಲಿಂಗ್

ಇದಕ್ಕೆ ಬೇರೆ ಆ್ಯಪ್ ಬೇಡ. ನಿಮ್ಮ ಸಿಮ್ಮಿನ ಕಾಲ್ ಟವರಿನ ಬದಲು ಮನೆಯ ವೈ-ಫೈ ಮೂಲಕ ಕಂಪನಿಯ ಎಕ್ಸ್‌ಚೇಂಜ್ ತಲುಪುತ್ತದೆ. ಎದುರಿನವರು ಬಟನ್ ಫೋನ್ ಇಟ್ಟುಕೊಂಡಿದ್ದರೂ, ಅವರ ಬಳಿ ಇಂಟರ್ನೆಟ್ಟೇ ಇಲ್ಲದಿದ್ದರೂ ಕಾಲ್ ಹೋಗುತ್ತದೆ, ಅವರಿಗೆ ನಿಮ್ಮ ಮಾಮೂಲು ನಂಬರೇ ಕಾಣುತ್ತದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಆಮೇಲೆ ಉಳಿದವರೂ ಬಂದರು. ಫೈಬರ್ ಒಂದು ಕಂಪನಿಯದು, ಸಿಮ್ ಇನ್ನೊಂದರದು ಆದರೂ ನಡೆಯುತ್ತದೆ. ಬೇರೆ ದುಡ್ಡಿಲ್ಲ, ರೀಚಾರ್ಜ್ ಪ್ಲಾನಿನಲ್ಲಿ ಕಾಲ್ ಹೇಗಿದೆಯೋ ಹಾಗೆಯೇ ಲೆಕ್ಕ.

ಆ್ಯಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಪಟ್ಟಿಯಲ್ಲಿ ವೈ-ಫೈ ಕಾಲಿಂಗ್ ಎಂದು ಟೈಪ್ ಮಾಡಿ. ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಮೂಲೆಯಲ್ಲಿ ಅಡಗಿಸಿಟ್ಟಿರುವುದರಿಂದ ಹುಡುಕುವುದೇ ಸುಲಭ. ಸ್ಯಾಮ್‌ಸಂಗ್‌ನಲ್ಲಿ ಅದು ಕನೆಕ್ಷನ್ಸ್ ಒಳಗೆ ಸಿಗುತ್ತದೆ, ಶಿಯೋಮಿಯಲ್ಲಿ ಸಿಮ್ ಕಾರ್ಡಿನ ಹೆಸರು ಒತ್ತಿದರೆ ವೈ-ಫೈ ಬಳಸಿ ಕಾಲ್ ಮಾಡಿ ಎಂಬರ್ಥದ ಸಾಲು ಬರುತ್ತದೆ. ಐಫೋನಿನಲ್ಲಿ ಮೊಬೈಲ್ ಡೇಟಾ ಸೆಟ್ಟಿಂಗ್ ಒಳಗಿದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಆನ್ ಮಾಡಬೇಕು, ಬಹಳ ಜನ ಒಂದಕ್ಕೆ ಮಾಡಿ ಬಿಡುತ್ತಾರೆ. ಅದೇ ಪುಟದಲ್ಲಿ ವೋಲ್ಟೆ ಎಂಬುದೂ ಆನ್ ಇರಲಿ. ವೈ-ಫೈ ಪ್ರಿಫರ್ಡ್, ಮೊಬೈಲ್ ಪ್ರಿಫರ್ಡ್ ಎಂದು ಆಯ್ಕೆ ಕೇಳಿದರೆ ವೈ-ಫೈಯನ್ನೇ ಆರಿಸಿ.

ಈಗ ಪರೀಕ್ಷೆ. ಏರ್‌ಪ್ಲೇನ್ ಮೋಡ್ ಹಾಕಿ, ಟವರ್ ಸಂಪರ್ಕ ಪೂರ್ತಿ ಹೋಗಲಿ. ನಂತರ ವೈ-ಫೈ ಮಾತ್ರ ಆನ್ ಮಾಡಿ. ಅರ್ಧ ನಿಮಿಷದಲ್ಲಿ ಮೇಲಿನ ಪಟ್ಟಿಯಲ್ಲಿ ರಿಸೀವರ್ ಚಿತ್ರದ ಪಕ್ಕ ವೈ-ಫೈ ಗುರುತು, ಇಲ್ಲವೇ ವೋವೈಫೈ ಎಂಬ ಬರಹ ಬರಬೇಕು. ಬಂತೆಂದರೆ ಪಕ್ಕದ ಮನೆಯವರಿಗೆ ಒಂದು ಕಾಲ್ ಮಾಡಿ, ಅವರಿಂದ ಒಂದು ಕಾಲ್, ಒಂದು ಎಸ್‌ಎಂಎಸ್ ಹಾಕಿಸಿಕೊಳ್ಳಿ. ಎಸ್‌ಎಂಎಸ್ ಬಂದರೆ ಸಾಮಾನ್ಯವಾಗಿ ಒಟಿಪಿಯೂ ಬರುತ್ತದೆ. ಮನೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಬಂದು ಹೋಗಿ ಮಾಡುತ್ತಿದ್ದರೆ ಈ ಏರ್‌ಪ್ಲೇನ್ ಮೋಡನ್ನು ಪರೀಕ್ಷೆಗೆ ಮಾತ್ರ ಅಲ್ಲ, ಮನೆಯಲ್ಲಿರುವಷ್ಟು ಹೊತ್ತೂ ಹಾಗೇ ಇಡಿ. ಆ ಸಾಯುವ ಸಿಗ್ನಲ್ಲಿಗೆ ಫೋನ್ ಜೋತುಬಿದ್ದು ವೈ-ಫೈಗೆ ಬರುವುದೇ ಇಲ್ಲ. ಟವರ್ ಹುಡುಕಿ ಹುಡುಕಿ ಬ್ಯಾಟರಿಯನ್ನೂ ತಿನ್ನುತ್ತದೆ. ಪೇಟೆಗೆ ಹೊರಟಾಗ ತೆಗೆಯಲು ಮರೆಯಬಾರದು, ಅಷ್ಟೇ.

ಗುರುತು ಬರಲಿಲ್ಲವಾದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು. ಫೋನಿನಲ್ಲಿ ವಿಪಿಎನ್ (ನೆಟ್ ಸಂಪರ್ಕವನ್ನು ಬೇರೆ ದಾರಿಯಿಂದ ಸುತ್ತಿಸುವ ಆ್ಯಪ್) ಅಥವಾ ಜಾಹೀರಾತು ತಡೆಯುವ ಆ್ಯಪ್ ಓಡುತ್ತಿದೆ, ಅದನ್ನು ನಿಲ್ಲಿಸಿ. ತಾರೀಕು, ಸಮಯ ತಪ್ಪಾಗಿದೆ, ಅದನ್ನು ಆಟೊಮ್ಯಾಟಿಕ್‌ಗೆ ಹಾಕಿ. ಸಾಫ್ಟ್‌ವೇರ್ ಹಳೆಯದು, ಅಪ್‌ಡೇಟ್ ಮಾಡಿ. ಗಲ್ಫಿನಿಂದ ತಂದ ಕೆಲವು ಫೋನುಗಳಲ್ಲಿ ನಮ್ಮ ಕಂಪನಿಗಳ ವೈ-ಫೈ ಕಾಲಿಂಗ್ ಸೆಟ್ಟಿಂಗೇ ಇರುವುದಿಲ್ಲ, ಅದಕ್ಕೆ ಮನೆಯಲ್ಲಿ ಕೂತು ಮಾಡುವ ಮದ್ದಿಲ್ಲ. ಅದೇ ಸಿಮ್ಮನ್ನು ಇಲ್ಲಿ ಕೊಂಡ ಫೋನಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಇವೆಲ್ಲ ಸರಿಯಿದ್ದೂ ಮನೆಯ ಯಾವ ಫೋನಿನಲ್ಲೂ ಬರುತ್ತಿಲ್ಲವೆಂದರೆ ರೂಟರಿನ ಫೈರ್‌ವಾಲ್ ತಡೆಯುತ್ತಿರಬಹುದು. ಈ ಕಾಲ್ ಯುಡಿಪಿ 500 ಮತ್ತು 4500 ಎಂಬ ಎರಡು ಪೋರ್ಟುಗಳ ಮೂಲಕ ಹೋಗುತ್ತದೆ. ಅವು ತೆರೆದಿರಲಿ, ಐಪಿಸೆಕ್ ಪಾಸ್‌ಥ್ರೂ ಆನ್ ಇರಲಿ ಎಂದು ಫೈಬರ್ ಹಾಕಿದವರಿಗೆ ಹೇಳಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಚೀಟಿಯಲ್ಲಿ ಬರೆದು ಕೊಟ್ಟರೆ ಒಳ್ಳೆಯದು.

ಒಂದು ಮಿತಿ ಗೊತ್ತಿರಲಿ. ಮಾತಾಡುತ್ತಾ ಅಂಗಳ ದಾಟಿ ತೋಟಕ್ಕೆ ಇಳಿದರೆ, ಅಲ್ಲಿ ಟವರೂ ಇಲ್ಲವಾದ್ದರಿಂದ ಕಾಲ್ ಕಟ್ಟಾಗುತ್ತದೆ. ಇನ್ನೊಂದು, ಹೊರದೇಶಕ್ಕೆ ಹೋದಾಗ ಅಲ್ಲಿಯ ವೈ-ಫೈಯಲ್ಲಿ ಭಾರತದ ಸಿಮ್ ಹಾಕಿ ಮಾಡಿದ ಕಾಲ್ ನಿಮ್ಮ ಪ್ಲಾನಿನ ಉಚಿತ ಕಾಲಿಗೆ ಸೇರುತ್ತದೆ ಎಂದುಕೊಳ್ಳಬೇಡಿ. ಹೊರಡುವ ಮೊದಲೇ ಕಂಪನಿಯನ್ನು ಕೇಳಿ.

ಮನೆಯ ಹಿರಿಯರಿಗೆ: ಫೈಬರ್ ಡಬ್ಬಿಗೇ ಹಳೆಯ ಫೋನ್

ಫೈಬರ್ ಬಂದು ಸೇರುವ ಬಿಳಿ ಅಥವಾ ಕಪ್ಪು ಡಬ್ಬಿಗೆ ಒಎನ್‌ಟಿ ಎನ್ನುತ್ತಾರೆ. ಅದರ ಹಿಂಬದಿ ನೋಡಿ. ಲ್ಯಾನ್ ತೂತುಗಳ ಪಕ್ಕ ಅವಕ್ಕಿಂತ ಸಣ್ಣ ತೂತೊಂದು, ಟೆಲ್, ಫೋನ್ ಅಥವಾ ಪಾಟ್ಸ್ ಎಂದು ಬರೆದದ್ದು, ಇರುತ್ತದೆ. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಮೂರರ ಫೈಬರಿನಲ್ಲೂ ಲ್ಯಾಂಡ್‌ಲೈನ್ ನಂಬರ್ ಸಿಗುತ್ತದೆ. ಕೇಳಿ ಹಾಕಿಸಿಕೊಳ್ಳಬೇಕು, ತಾವಾಗಿ ಹೇಳುವವರು ಕಡಿಮೆ. ಅಟ್ಟದಲ್ಲಿರುವ ಹಳೆಯ ಒತ್ತುಗುಂಡಿಯ ಫೋನನ್ನು ಒರೆಸಿ ಆ ತೂತಿಗೆ ಚುಚ್ಚಿದರೆ ಡಯಲ್ ಟೋನ್ ಬರುತ್ತದೆ. ಫೋನಿನ ಬದಿಯಲ್ಲಿ ಟಿ, ಪಿ ಎಂಬ ಸಣ್ಣ ಸ್ವಿಚ್ ಇದ್ದರೆ ಟಿ ಕಡೆಗೆ ತಳ್ಳಿ. ಬೆರಳು ಹಾಕಿ ತಿರುಗಿಸುವ ಇನ್ನೂ ಹಳೆಯ ಫೋನಿಗೆ ಕಾಲ್ ಬಂದರೆ ಗಂಟೆ ಹೊಡೆಯಬಹುದು, ಆದರೆ ಅದರಿಂದ ನಂಬರ್ ತಿರುಗಿಸಿದರೆ ಹೆಚ್ಚಿನ ಒಎನ್‌ಟಿಗಳಿಗೆ ಅರ್ಥವಾಗುವುದಿಲ್ಲ.

ಕಣ್ಣು ಮಂಜಾದ ಅಜ್ಜಿಗೆ, ಸ್ಮಾರ್ಟ್‌ಫೋನಿನ ಗೊಡವೆ ಬೇಡವೆನ್ನುವ ಅಪ್ಪಯ್ಯನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ರಿಸೀವರ್ ಎತ್ತಿದರಾಯಿತು. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮೊದಲು 0 ಒತ್ತಬೇಕು, 2021ರ ಜನವರಿ 15ರಿಂದ ಇದು ದೇಶದಾದ್ಯಂತ ನಿಯಮ. ಹೊಸದಾಗಿ ಹಾಕಿಸಿಕೊಂಡವರು ಕಾಲೇ ಹೋಗುತ್ತಿಲ್ಲ ಎಂದು ದೂರುವಾಗ ಹೆಚ್ಚಾಗಿ ತಪ್ಪಿರುವುದು ಈ ಸೊನ್ನೆ. ಬೇರೆ ತಾಲೂಕಿನ ಲ್ಯಾಂಡ್‌ಲೈನಿಗಾದರೆ ಎಸ್‌ಟಿಡಿ ಕೋಡ್ ಹಾಕಿ: ಕಾರವಾರ 08382, ಶಿರಸಿ 08384, ಭಟ್ಕಳ 08385, ಕುಮಟಾ 08386.

ಇಂಟರ್ನೆಟ್ ಇದೆ, ಡಯಲ್ ಟೋನ್ ಇಲ್ಲ ಎಂದಾದರೆ ಡಬ್ಬಿಯ ಫೋನ್ ದೀಪ ನೋಡಿ. ಆರಿದ್ದರೆ ಡಬ್ಬಿಯನ್ನು ಒಮ್ಮೆ ಆಫ್ ಮಾಡಿ ಎರಡು ನಿಮಿಷ ಬಿಟ್ಟು ಹಾಕಿ. ಆಮೇಲೂ ಆರಿದ್ದರೆ ಲೈನ್ ರಿಜಿಸ್ಟರ್ ಆಗಿಲ್ಲ, ಅದನ್ನು ಕಂಪನಿಯವರೇ ಸರಿಮಾಡಬೇಕು. ಜಿಯೋ ಫೈಬರಿನವರು ಜಿಯೋಜಾಯಿನ್ ಎಂಬ ಆ್ಯಪ್ (ಮೊದಲು ಇದರ ಹೆಸರು ಜಿಯೋಕಾಲ್) ಹಾಕಿಕೊಂಡರೆ ಮನೆಯ ನಂಬರನ್ನು ಮೊಬೈಲಿನಲ್ಲೂ ಎತ್ತಬಹುದು.

ಹೊರದೇಶಕ್ಕೆ: ಅಲ್ಲಿರುವವರ ದೇಶ ನೋಡಿ ಆ್ಯಪ್ ಆರಿಸಿ

ಬೆಂಗಳೂರು, ಪುಣೆ, ಅಮೆರಿಕ, ಯುರೋಪಿನಲ್ಲಿರುವ ಮಕ್ಕಳಿಗಾದರೆ ವಾಟ್ಸ್‌ಆ್ಯಪ್, ಗೂಗಲ್ ಮೀಟ್, ಸಿಗ್ನಲ್ ಯಾವುದಾದರೂ ಸರಿ. ಹಿರಿಯರ ಫೋನಿನಲ್ಲಿ ಸ್ಕೈಪ್ ಚಿತ್ರ ಇನ್ನೂ ಇದ್ದರೆ ತೆಗೆದುಬಿಡಿ, 2025ರ ಮೇ 5ಕ್ಕೆ ಅದು ನಿಂತುಹೋಗಿದೆ.

ಭಟ್ಕಳ, ಮುರ್ಡೇಶ್ವರ, ಹೊನ್ನಾವರ ಕಡೆಯವರ ಸಮಸ್ಯೆ ಬೇರೆ. ಯುಎಇಯಲ್ಲಿ, ಅಂದರೆ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ, ವಾಟ್ಸ್‌ಆ್ಯಪ್ ಮೆಸೇಜ್ ನಡೆಯುತ್ತದೆ, ವಾಯ್ಸ್ ಮೆಸೇಜೂ ಹೋಗುತ್ತದೆ, ಕಾಲ್ ಮಾತ್ರ ನಡೆಯುವುದಿಲ್ಲ. ಇಲ್ಲಿಂದ ಮಾಡಿದರೂ ಅಷ್ಟೇ: ರಿಂಗ್ ಆದಂತೆ ಕಂಡು ಮಾತು ಕೇಳುವುದಿಲ್ಲ, ಕನೆಕ್ಟಿಂಗ್ ಎಂದು ನಿಂತುಬಿಡುತ್ತದೆ. ನಿಮ್ಮ ನೆಟ್ ಕೆಟ್ಟಿದೆ ಎಂದು ರೂಟರ್ ಬದಲಿಸಲು ಹೋಗಬೇಡಿ. ಅಲ್ಲಿಯ ಸರಕಾರ ಒಪ್ಪಿರುವ ಆ್ಯಪ್‌ಗಳಲ್ಲಿ ಬೋಟಿಮ್ ಹೆಚ್ಚು ಬಳಕೆಯದು. ಮೈಕ್ರೋಸಾಫ್ಟ್ ಟೀಮ್ಸ್, ಝೂಮ್ ಕೂಡ ನಡೆಯುತ್ತವೆ. ಎರಡೂ ಕಡೆ ಒಂದೇ ಆ್ಯಪ್ ಇರಬೇಕು. ಯಾವುದೆಂದು ಅಲ್ಲಿರುವವರು ಹೇಳಲಿ, ನೀವು ಅದನ್ನೇ ಹಾಕಿಕೊಳ್ಳಿ.

ಬೋಟಿಮ್ ಹಾಕುವಾಗ ಪ್ಲೇ ಸ್ಟೋರಿನಿಂದಲೇ ಇಳಿಸಿ, ಯಾರೋ ಕಳಿಸಿದ ಲಿಂಕಿನಿಂದ ಬೇಡ. ನಂಬರ್ ಕೊಟ್ಟಾಗ ಎಸ್‌ಎಂಎಸ್ ಕೋಡ್ ಬರುತ್ತದೆ, ಆದ್ದರಿಂದ ವೈ-ಫೈ ಕಾಲಿಂಗ್ ಮೊದಲೇ ಸರಿಮಾಡಿಕೊಂಡಿರಿ, ಇಲ್ಲದಿದ್ದರೆ ಸಿಗ್ನಲ್ ಇರುವ ಕಡೆ ಹೋಗಿ ಹಾಕಿ. ಮೈಕ್, ಕ್ಯಾಮೆರಾ, ಕಾಂಟ್ಯಾಕ್ಟ್ಸ್, ನೋಟಿಫಿಕೇಶನ್ ನಾಲ್ಕಕ್ಕೂ ಅನುಮತಿ ಕೊಡಿ. ಮಗನ ನಂಬರ್ +971 ಸೇರಿಸಿ ಸೇವ್ ಆಗಿದ್ದರೆ ಮಾತ್ರ ಪಟ್ಟಿಯಲ್ಲಿ ಅವನು ಕಾಣುತ್ತಾನೆ.

ವಿಪಿಎನ್ ಹಾಕಿದರೆ ವಾಟ್ಸ್‌ಆ್ಯಪ್ಪೇ ನಡೆಯುತ್ತದೆ ಎಂದು ಹೇಳಿಕೊಡುವವರು ಊರಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ದಯವಿಟ್ಟು ಆ ದಾರಿಗೆ ಮಕ್ಕಳನ್ನು ತಳ್ಳಬೇಡಿ. ಯುಎಇಯ 2021ರ 34ನೇ ಕಾಯ್ದೆಯ ಪ್ರಕಾರ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಲು ವಿಪಿಎನ್ ಬಳಸಿದರೆ ದಂಡ 5 ಲಕ್ಷ ದಿರಮ್‌ನಿಂದ ಶುರುವಾಗಿ 20 ಲಕ್ಷದವರೆಗೆ ಹೋಗುತ್ತದೆ. ಕೆಲಸ, ವೀಸಾ ಎಲ್ಲ ಪಣಕ್ಕಿಟ್ಟು ಆಡುವ ಮಾತಲ್ಲ ಅದು, ಅಲ್ಲಿ ಒಪ್ಪಿದ ಆ್ಯಪ್ ಕೈಯಲ್ಲೇ ಇರುವಾಗ. ಸೌದಿಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಇಂಟರ್ನೆಟ್ ಕಾಲಿನ ನಿರ್ಬಂಧ ಸಡಿಲವಾಯಿತು. ಗಲ್ಫಿನ ಒಂದೊಂದು ದೇಶದ ನಿಯಮ ಒಂದೊಂದು ತರಹ, ಅದೂ ಬದಲಾಗುತ್ತಿರುತ್ತದೆ.

ಹೊರದೇಶದಲ್ಲಿದ್ದು ಇಲ್ಲಿಯ ನಂಬರಿನ ವಾಟ್ಸ್‌ಆ್ಯಪ್ಪನ್ನೇ ಬಳಸುವವರು ಆ ಸಿಮ್ಮನ್ನು ಸಾಯಲು ಬಿಡಬಾರದು. 90 ದಿನ ಒಂದು ಕಾಲ್, ಮೆಸೇಜ್, ಡೇಟಾ ಯಾವುದೂ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು, ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಉಳಿಸುತ್ತದೆ. ನಂಬರ್ ನಿಂತು ಬೇರೆಯವರಿಗೆ ಹೋಯಿತೆಂದರೆ ವಾಟ್ಸ್‌ಆ್ಯಪ್ಪೂ ಅವರ ಕೈಗೆ ಹೋದಂತೆ. ಮೇಲಾಗಿ, ಮೆಸೇಜಿಂಗ್ ಆ್ಯಪ್‌ಗಳು ನೋಂದಾಯಿತ ಸಿಮ್ ಫೋನಿನಲ್ಲೇ ಇದ್ದಾಗ ಮಾತ್ರ ನಡೆಯುವಂತೆ ಮಾಡಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಸಿಮ್ಮನ್ನು ಊರಿನ ಕಪಾಟಿನಲ್ಲಿಟ್ಟು ಹೋಗುವ ಅಭ್ಯಾಸ ಬಿಡುವುದೇ ಕ್ಷೇಮ.

ಡೇಟಾ ಲೆಕ್ಕ: ವಾಟ್ಸ್‌ಆ್ಯಪ್ ವಾಯ್ಸ್ ಕಾಲಿಗೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ, ಒಂದು ತಾಸಿಗೆ 30 ಎಂಬಿ ಎಂದಿಟ್ಟುಕೊಳ್ಳಿ. ವಿಡಿಯೋ ಅದರ ಹತ್ತರಷ್ಟು ದಾಟುತ್ತದೆ. ನಿಮ್ಮದೇ ಅಂಕಿ ಬೇಕಿದ್ದರೆ ವಾಟ್ಸ್‌ಆ್ಯಪ್ ಸೆಟ್ಟಿಂಗಿನ ಸ್ಟೋರೇಜ್ ಆ್ಯಂಡ್ ಡೇಟಾ ಒಳಗೆ ನೆಟ್‌ವರ್ಕ್ ಯೂಸೇಜ್ ನೋಡಿ. ಅಲ್ಲೇ ಕಾಲಿಗೆ ಕಡಿಮೆ ಡೇಟಾ ಬಳಸುವ ಆಯ್ಕೆಯೂ ಇದೆ, ಮೊಬೈಲ್ ಡೇಟಾ ಮೇಲೆ ಇರುವವರು ಆನ್ ಮಾಡಿ.

ಕಾಲ್ ಬಂದರೂ ರಿಂಗ್ ಆಗದೆ, ಆ್ಯಪ್ ತೆರೆದಾಗ ಮಾತ್ರ ಮಿಸ್ಡ್ ಕಾಲ್ ಕಾಣುವುದು ಬಹಳ ಮನೆಗಳ ಗೋಳು. ಅದು ನೆಟ್ಟಿನ ತಪ್ಪಲ್ಲ. ಬ್ಯಾಟರಿ ಉಳಿಸಲು ಫೋನೇ ಆ್ಯಪ್ಪನ್ನು ಮಲಗಿಸಿರುತ್ತದೆ. ಸೆಟ್ಟಿಂಗಿನಲ್ಲಿ ಆ್ಯಪ್ಸ್, ಅದರಲ್ಲಿ ವಾಟ್ಸ್‌ಆ್ಯಪ್ ಅಥವಾ ಬೋಟಿಮ್, ಅದರ ಬ್ಯಾಟರಿ ಎಂಬಲ್ಲಿ ಅನ್‌ರಿಸ್ಟ್ರಿಕ್ಟೆಡ್ ಆರಿಸಿ. ಆಟೊಸ್ಟಾರ್ಟ್ ಎಂದಿದ್ದರೆ ಅದನ್ನೂ ಆನ್ ಮಾಡಿ. ಡೇಟಾ ಸೇವರ್‌ನಿಂದ ಅದನ್ನು ಹೊರಗಿಡಿ.

ಮನೆಯೊಳಗಿನ ವೈ-ಫೈ

ಕಾಲ್ ಕೆಟ್ಟದಾಗಿದೆ ಎಂದ ಕೂಡಲೇ ದೊಡ್ಡ ಪ್ಲಾನ್ ಹಾಕಿಸಲು ಹೋಗುವವರಿದ್ದಾರೆ. ದುಡ್ಡು ದಂಡ. ಹಳೆಯ ಲ್ಯಾಂಡ್‌ಲೈನ್ ಗುಣಮಟ್ಟದ ಒಂದು ಇಂಟರ್ನೆಟ್ ಕಾಲಿಗೆ ಎಲ್ಲ ಸೇರಿ ಒಂದೊಂದು ದಿಕ್ಕಿಗೆ ಸೆಕೆಂಡಿಗೆ 90 ಕಿಲೋಬಿಟ್ ಸಾಕು. ಮನೆಯ ಐದು ಜನ ಒಟ್ಟಿಗೆ ಮಾತಾಡಿದರೂ ಅರ್ಧ ಎಂಬಿಪಿಎಸ್ ಆಗುವುದಿಲ್ಲ. ಕಾಲಿಗೆ ಬೇಕಾದದ್ದು ವೇಗವಲ್ಲ, ಬಿಟ್ಟು ಬಿಟ್ಟು ಹೋಗದ ಸಂಪರ್ಕ. ಸಿನಿಮಾ ನೋಡುವಾಗ ಎರಡು ಸೆಕೆಂಡು ನೆಟ್ ನಿಂತರೂ ಮೊದಲೇ ಇಳಿಸಿಟ್ಟದ್ದು ಓಡುತ್ತಿರುತ್ತದೆ, ನಿಮಗೆ ತಿಳಿಯುವುದಿಲ್ಲ. ಮಾತಿಗೆ ಹಾಗೆ ಕೂಡಿಡಲು ಬರುವುದಿಲ್ಲ. ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ಕಾಲ್ ಮಾತ್ರ ಕೆಡುತ್ತದೆ ಎಂಬುದಕ್ಕೆ ಕಾರಣ ಇದೇ.

ನಮ್ಮ ಕಡೆಯ ಮನೆಗಳ ಚಿರೆಕಲ್ಲಿನ ಗೋಡೆ ವೈ-ಫೈಗೆ ದೊಡ್ಡ ಶತ್ರು. ಹಳೆಯ ಮನೆಯ ದಪ್ಪ ಮಣ್ಣಿನ ಗೋಡೆ ಇನ್ನೂ ಹೆಚ್ಚು. ಕೇಬಲ್ ಹಾಕಲು ಬಂದವರು ಹತ್ತಿರವಾಯಿತೆಂದು ಡಬ್ಬಿಯನ್ನು ಹೊರಜಗಲಿಯ ಮೂಲೆಗೆ, ಮೀಟರ್ ಬೋರ್ಡಿನ ಪಕ್ಕ ಹೊಡೆದು ಹೋಗುತ್ತಾರೆ, ಅಡುಗೆಮನೆಗೆ ಬರುವಷ್ಟರಲ್ಲಿ ಸಿಗ್ನಲ್ ಸತ್ತಿರುತ್ತದೆ. ಹಾಕಿಸುವ ದಿನವೇ ಮನೆಯ ನಡುವಿನ ಕೋಣೆಗೆ, ತಲೆಯೆತ್ತರಕ್ಕೆ ಹಾಕಿಸಿ. ಹತ್ತು ಮೀಟರ್ ಹೆಚ್ಚು ಕೇಬಲ್ ಬೇಕಾದರೆ ಕೊಡಿಸಿ. ಫ್ರಿಜ್, ಗೋದ್ರೇಜ್ ಕಪಾಟು, ನೀರಿನ ಟ್ಯಾಂಕಿನ ಹಿಂದೆ ಬೇಡ.

ಡಬ್ಬಿ ಎರಡು ಹೆಸರಿನ ವೈ-ಫೈ ಕೊಡುತ್ತಿದ್ದರೆ ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5. ಡಬ್ಬಿ ಇರುವ ಕೋಣೆಯಲ್ಲಿ 5 ಒಳ್ಳೆಯದು, ಗೋಡೆಯಾಚೆಗೆ 2.4. ಮೆತ್ತಿನ ಮೇಲೆ, ಕೊಟ್ಟಿಗೆಯಲ್ಲಿ, ಹೊರಗಿನ ಕೆಲಸದ ಮನೆಯಲ್ಲಿ ಕಾಲ್ ಬೇಕೆಂದರೆ ರಿಪೀಟರ್ ಕೊಳ್ಳುವ ಮೊದಲು ಲ್ಯಾನ್ ಕೇಬಲ್ ಎಳೆಯಲು ಆಗುತ್ತದೆಯೇ ನೋಡಿ. ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕಾದ್ದರಿಂದ ಮಾತು ತಡವಾಗುತ್ತದೆ. ಲ್ಯಾನ್ ಕೇಬಲ್ 100 ಮೀಟರಿನವರೆಗೆ ಹೋಗುತ್ತದೆ, ತುದಿಗೆ ಮೂಲೆಗೆ ಬಿದ್ದಿರುವ ಹಳೆಯ ರೂಟರ್ ಸಾಕು. ಆ ಹಳೆಯ ರೂಟರಿನ ವಿಳಾಸವನ್ನು 192.168.1.2 ಎಂದು (ಜಿಯೋ ಡಬ್ಬಿಗಾದರೆ 192.168.29.2) ಬದಲಿಸಿ, ಅದರ ಡಿಎಚ್‌ಸಿಪಿ, ಅಂದರೆ ಫೋನುಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ, ಕೇಬಲನ್ನು ಅದರ ವ್ಯಾನ್ ತೂತಿಗಲ್ಲ, ಲ್ಯಾನ್ ತೂತಿಗೆ ಚುಚ್ಚಿ. ಹೆಸರು, ಪಾಸ್‌ವರ್ಡ್ ಮೊದಲಿನದಕ್ಕೆ ಇರುವಂತೆಯೇ ಇಟ್ಟರೆ ಫೋನ್ ತಾನೇ ಬದಲಿಸಿಕೊಳ್ಳುತ್ತದೆ. ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ.

ತಪ್ಪು ವೈ-ಫೈಯದೋ ಹೊರಗಿನ ಲೈನಿನದೋ ತಿಳಿಯಲು ಒಂದು ಪರೀಕ್ಷೆ ಸಾಕು. ಪಿಂಗ್ ಮಾಡುವ, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವ, ಯಾವುದಾದರೂ ಆ್ಯಪ್ ಹಾಕಿಕೊಂಡು ಕಾಲ್ ಕೆಡುವ ಜಾಗದಲ್ಲೇ ನಿಂತು ಮೊದಲು ಮನೆಯ ಡಬ್ಬಿಯ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1, ಜಿಯೋದಲ್ಲಿ 192.168.29.1, ಐವತ್ತು ಸಲ ಹೊಡೆಸಿ. ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ಒಂದೂ ತಪ್ಪದೆ ಉತ್ತರ ಬರಬೇಕು. ಇಲ್ಲೇ ತಪ್ಪುತ್ತಿದ್ದರೆ ತೊಂದರೆ ಮನೆಯೊಳಗಿನದು. ಇದು ಸರಿಯಿದ್ದು 8.8.8.8ಕ್ಕೆ ಹೊಡೆಸಿದಾಗ ತಪ್ಪುತ್ತಿದ್ದರೆ ತೊಂದರೆ ಹೊರಗಿನದು. ನೂರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿದರೆ ಮಾತು ಕತ್ತರಿಸುತ್ತದೆ. ಮಾತು ಹೋಗಿ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ನಿಲ್ಲಿಸುವ ಅವಸ್ಥೆ ಶುರು.

ಕಿವಿಯಿಂದಲೂ ಗುರುತು ಹಿಡಿಯಬಹುದು. ನಿಮ್ಮ ಮಾತೇ ನಿಮಗೆ ಮರಳಿ ಕೇಳಿದರೆ ದೋಷ ನಿಮ್ಮ ಫೋನಿನದಲ್ಲ, ಎದುರಿನವರ ಸ್ಪೀಕರಿನ ಸದ್ದು ಅವರದೇ ಮೈಕಿಗೆ ಬೀಳುತ್ತಿದೆ. ಸ್ಪೀಕರ್ ಸಣ್ಣ ಮಾಡಲು ಅವರಿಗೆ ಹೇಳಿ. ಒಬ್ಬರದು ಮಾತ್ರ ಕೇಳುತ್ತಿದ್ದರೆ ಯಾರ ದನಿ ಕೇಳುತ್ತಿಲ್ಲವೋ ಅವರ ಆ್ಯಪ್ಪಿಗೆ ಮೈಕ್ ಅನುಮತಿ ಇದೆಯೇ ನೋಡಿ. ದಿನವೂ ಒಂದೇ ಹೊತ್ತಿಗೆ ಕೆಡುತ್ತಿದ್ದರೆ ಮನೆಯಲ್ಲಿ ಯಾವುದೋ ಫೋನ್ ಫೋಟೋಗಳನ್ನು ಮೇಲೇರಿಸುತ್ತಿರಬಹುದು, ಸಿಸಿಟಿವಿ ಕ್ಯಾಮೆರಾ ಕ್ಲೌಡಿಗೆ ಕಳಿಸುತ್ತಿರಬಹುದು. ನಮ್ಮ ಕಡೆಯಿಂದ ಹೋಗುವ ದಾರಿ ತುಂಬಿದರೆ ನಮ್ಮ ಮಾತು ಅವರಿಗೆ ಕಡಿಯುತ್ತದೆ, ಅವರದು ನಮಗೆ ಚೆನ್ನಾಗಿ ಕೇಳುತ್ತದೆ.

ಗೋಕರ್ಣ, ದಾಂಡೇಲಿ, ಜೋಯಿಡಾ ಕಡೆ ಹೋಮ್‌ಸ್ಟೇ ನಡೆಸುವವರು ಕೋಣೆಯ ಗೋಡೆಗೆ ವೈ-ಫೈ ಪಾಸ್‌ವರ್ಡಿನ ಜೊತೆ ವೈ-ಫೈ ಕಾಲಿಂಗ್ ಆನ್ ಮಾಡುವ ಎರಡು ಸಾಲನ್ನೂ ಅಂಟಿಸಿ. ಬಂದವರು ನೆಟ್‌ವರ್ಕ್ ಇಲ್ಲವೆಂದು ಪರದಾಡುವುದು ತಪ್ಪುತ್ತದೆ.

ಮಳೆ, ಸಿಡಿಲು, ಕರೆಂಟು

ಒಎನ್‌ಟಿಯ ಮುಂದಿನ ದೀಪಗಳನ್ನು ಓದಲು ಮನೆಯ ಎಲ್ಲರಿಗೂ ಬರಬೇಕು. ಪಾನ್ (PON) ಎಂಬ ದೀಪ ಹಸಿರಾಗಿ ನಿಂತಿದ್ದರೆ ಫೈಬರ್ ಸರಿ. ಲಾಸ್ (LOS) ಎಂಬುದು ಕೆಂಪಗೆ ಮಿಣುಕಿದರೆ ಬೆಳಕು ಮನೆಗೆ ತಲುಪುತ್ತಿಲ್ಲ: ಮರ ಬಿದ್ದಿದೆ, ಮಂಗ ಕೇಬಲಿಗೆ ಜೋತುಬಿದ್ದಿದೆ, ಅಳಿಲು ಕಡಿದಿದೆ, ಇಲ್ಲವೇ ಆ ತುದಿಯ ಎಕ್ಸ್‌ಚೇಂಜಿನಲ್ಲೇ ಕರೆಂಟಿಲ್ಲ. ದೂರು ಕೊಡುವಾಗ ನೆಟ್ ಇಲ್ಲ ಎನ್ನಬೇಡಿ, ಲಾಸ್ ದೀಪ ಕೆಂಪಾಗಿದೆ ಎನ್ನಿ. ಬರುವವರು ಕಡಿದ ಎಳೆ ಜೋಡಿಸುವ ಸ್ಪ್ಲೈಸಿಂಗ್ ಯಂತ್ರ ಹಿಡಿದೇ ಬರುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದ ಅಳತೆಯೊಂದಿದೆ. ಬ್ರೌಸರಿನಲ್ಲಿ 192.168.1.1 (ಜಿಯೋದಲ್ಲಿ 192.168.29.1) ಹೊಡೆದು ಡಬ್ಬಿಯ ಪುಟ ತೆರೆದರೆ ಸ್ಟೇಟಸ್ ಒಳಗೆ ಆರ್‌ಎಕ್ಸ್ ಪವರ್ ಎಂಬ ಮೈನಸ್ ಅಂಕಿ ಇರುತ್ತದೆ. ಯೂಸರ್ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ಡಬ್ಬಿಯ ತಳದ ಚೀಟಿಯಲ್ಲಿದೆ. ಮೈನಸ್ 15ರಿಂದ 25ರ ಒಳಗೆ ಇದ್ದರೆ ಒಳ್ಳೆಯದು, ಮೈನಸ್ 27 ದಾಟಿದರೆ ಲೈನ್ ಅಂಚಿನಲ್ಲಿದೆ. ಬೇಸಿಗೆಯ ಒಣ ದಿನವೊಂದರಲ್ಲಿ ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆಗ ಮೈನಸ್ 20 ಇದ್ದದ್ದು ಜುಲೈಯಲ್ಲಿ 26ಕ್ಕೆ ಬಂದಿದ್ದರೆ ಎಲ್ಲೋ ಜೋಡಣೆಯೊಳಗೆ ನೀರು ಹೊಕ್ಕಿದೆ ಅಥವಾ ಕೇಬಲ್ ಮಡಚಿದೆ, ಪೂರ್ತಿ ನಿಲ್ಲುವ ಮೊದಲೇ ಹೇಳಿ ಸರಿಮಾಡಿಸಬಹುದು. ಮನೆಯೊಳಗೆ ಫೈಬರನ್ನು ಲೋಟದ ಬಾಯಿಗಿಂತ ಸಣ್ಣ ಸುತ್ತಿಗೆ ಸುತ್ತಬೇಡಿ, ಬಾಗಿಲ ಸಂದಿಯಲ್ಲಿ ಸಿಕ್ಕಿಸಬೇಡಿ. ಹಸಿರು ತುದಿಯ ಪ್ಲಗ್ಗನ್ನು ಹಸಿರು ತೂತಿಗೇ ಹಾಕಬೇಕು, ನೀಲಿಗೆ ಹಾಕಿದರೆ ಬೆಳಕು ಸೋರುತ್ತದೆ. ಕಿತ್ತ ತುದಿಯೊಳಗೆ ಇಣುಕಲೇಬಾರದು. ಅದರಲ್ಲಿರುವುದು ಕಣ್ಣಿಗೆ ಕಾಣದ ಲೇಸರ್.

ಕರೆಂಟು ಹೋದರೆ ಡಬ್ಬಿ ಹೋಯಿತು, ಅದರ ಜೊತೆ ವೈ-ಫೈ ಕಾಲಿಂಗೂ ಲ್ಯಾಂಡ್‌ಲೈನೂ ಹೋದವು. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟು ಬರುತ್ತಿತ್ತು, ಈಗ ಹಾಗಿಲ್ಲ. ಆದ್ದರಿಂದ ಬ್ಯಾಟರಿ ಬೇಕೇ ಬೇಕು. ಡಬ್ಬಿಯ ಅಡಾಪ್ಟರ್ ತಿರುಗಿಸಿ ನೋಡಿ: ಹೆಚ್ಚಿನವು 12 ವೋಲ್ಟ್, 1ರಿಂದ 2 ಆಂಪಿಯರ್. ಅದಕ್ಕೇ ಹೊಂದುವ ಮಿನಿ ಯುಪಿಎಸ್ ಪೇಟೆಯಲ್ಲಿ ಸಿಗುತ್ತದೆ. ಮೇಲೆ ಬರೆದ 10,000 ಎಂಎಎಚ್ ನೋಡಿ ಮೋಸಹೋಗಬೇಡಿ. ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್‌ಅವರ್. ಸೋರುವುದು ಕಳೆದು 31 ಉಳಿದರೆ, 8 ವ್ಯಾಟ್ ಎಳೆಯುವ ಡಬ್ಬಿ ನಾಲ್ಕು ತಾಸಿಗೆ ಸ್ವಲ್ಪ ಕಡಿಮೆ ಓಡುತ್ತದೆ. ಮಿನಿ ಯುಪಿಎಸ್ಸಿನ ವೋಲ್ಟೇಜ್, ಪಿನ್ನಿನ ಗಾತ್ರ, ಪ್ಲಸ್ ಒಳಗೋ ಹೊರಗೋ ಎಂಬ ಚಿತ್ರ, ಮೂರೂ ಹಳೆಯ ಅಡಾಪ್ಟರಿಗೆ ಹೊಂದಬೇಕು, ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು.

ಮನೆಗೆ ಇನ್ವರ್ಟರ್ ಇದ್ದರೆ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್‌ಅವರ್ ಇದೆ, ಅರ್ಧ ಬಳಸಿದರೂ 900. ಡಬ್ಬಿ 8 ವ್ಯಾಟ್, ಇನ್ವರ್ಟರ್ ತಾನೇ ತಿನ್ನುವುದು 15 ವ್ಯಾಟ್ ಎಂದಿಟ್ಟರೂ ಒಂದೂವರೆ ದಿನ ಬರುತ್ತದೆ, ಫ್ಯಾನು, ಟಿವಿ ಆಫ್ ಇದ್ದರೆ ಮಾತ್ರ. ಗಾಳಿಮಳೆಗೆ ಕಂಬ ಉರುಳಿ ಮೂರು ದಿನ ಕರೆಂಟಿಲ್ಲದಾಗ ಇನ್ವರ್ಟರನ್ನೂ ದಿನಕ್ಕೆ ನಾಲ್ಕು ಹೊತ್ತು, ಹೇಳಿಟ್ಟ ವೇಳೆಗೆ ಒಂದೊಂದು ತಾಸು ಮಾತ್ರ ಹಾಕಿ. ಆ ವೇಳೆ ಹೊರಗಿನ ಮಕ್ಕಳಿಗೂ ಗೊತ್ತಿರಲಿ.

ಏಪ್ರಿಲ್, ಮೇ, ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಶುರುವಾದರೆ ಅಡಾಪ್ಟರನ್ನೂ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆದ ಕೇಬಲಿನಲ್ಲಿ ಭಾರ ತಡೆಯಲು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ, ಎಳೆಯನ್ನು ಮಾತ್ರ ಒಳಗೆ ತರಲು ಕೇಬಲಿನವರಿಗೆ ಹೇಳಿ.

ಮೋಸದ ಕಾಲ್, ಕಾನೂನಿನ ಗಡಿ

ವಾಟ್ಸ್‌ಆ್ಯಪ್ಪಿನ ಆರಂಕಿಯ ಕೋಡನ್ನು ಯಾರಿಗೂ, ಮನೆಯವರ ದನಿಯಲ್ಲಿ ಕೇಳಿದರೂ, ಹೇಳಬೇಡಿ. ಟು-ಸ್ಟೆಪ್ ವೆರಿಫಿಕೇಶನ್ ಪಿನ್ ಹಾಕಿಡಿ. ಪ್ರೈವಸಿ ಸೆಟ್ಟಿಂಗಿನ ಕಾಲ್ಸ್ ಒಳಗೆ ಗೊತ್ತಿಲ್ಲದವರ ಕಾಲನ್ನು ಮೌನಗೊಳಿಸುವ ಆಯ್ಕೆ ಇದೆ, ಹಿರಿಯರ ಫೋನಿನಲ್ಲಿ ಅದನ್ನು ಆನ್ ಮಾಡಿಕೊಡಿ. ವಿಡಿಯೋ ಕಾಲಿನಲ್ಲಿ ಪೊಲೀಸ್ ವೇಷ ತೋರಿಸಿ ಡಿಜಿಟಲ್ ಅರೆಸ್ಟ್ ಎಂದರೆ ಕೂಡಲೇ ಕಟ್ ಮಾಡಿ, ಹಾಗೊಂದು ಬಂಧನ ಕಾನೂನಿನಲ್ಲಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕಾಲ್ ಮಾಡಿ. ಹೊರದೇಶದಿಂದ ಮಗ ಮಾಡಿದ ಕಾಲಿಗೆ ಇಲ್ಲಿಯ ಯಾವುದೋ ಅಪರಿಚಿತ ನಂಬರ್ ಕಂಡರೆ ಆ ಕಾಲ್ ಕಳ್ಳ ಎಕ್ಸ್‌ಚೇಂಜಿನ ಮೂಲಕ ಬಂದಿರಬಹುದು. ದೂರು ಕೊಡುವ ನಂಬರ್ 1963 ಅಥವಾ 1800 110 420.

ಇನ್ನೊಂದು ಮಾತು ಫೈಬರ್ ಇರುವ ಮನೆಯವರಿಗೆ. ಮೂಲೆಯಲ್ಲೊಂದು ಪೆಟ್ಟಿಗೆ ಇಟ್ಟುಕೊಳ್ಳಿ, ನಿಮ್ಮ ನೆಟ್ಟಿಗೆ ಜೋಡಿಸಿ, ತಿಂಗಳಿಗೆ ಬಾಡಿಗೆ ಕೊಡುತ್ತೇವೆ ಎಂದು ಯಾರಾದರೂ ಬಂದರೆ, ಅದರೊಳಗೆ ಸಾಲಾಗಿ ಸಿಮ್ ಕಾರ್ಡ್ ಇದ್ದರೆ, ಅದು ಸಿಮ್ ಬಾಕ್ಸ್, ಅಂದರೆ ಹೊರದೇಶದ ಕಾಲನ್ನು ಇಲ್ಲಿಯ ನಂಬರಿನಿಂದ ಬಂದಂತೆ ತಿರುಗಿಸುವ ಆ ಕಳ್ಳ ಎಕ್ಸ್‌ಚೇಂಜಿನ ಪೆಟ್ಟಿಗೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನುಮತಿಯಿಲ್ಲದೆ ಇಂಥ ಸೇವೆ ನಡೆಸಿದರೆ ಮೂರು ವರ್ಷದವರೆಗೆ ಜೈಲು, 2 ಕೋಟಿಯವರೆಗೆ ದಂಡ. ಪೊಲೀಸರು ಮೊದಲು ಬರುವುದು ಪೆಟ್ಟಿಗೆ ಇರುವ ಮನೆಗೆ.

ತುರ್ತಿನ ಹೊತ್ತಿಗೆ

ವಾಟ್ಸ್‌ಆ್ಯಪ್, ಬೋಟಿಮ್‌ಗಳಿಂದ 112ಕ್ಕೆ ಕಾಲ್ ಹೋಗುವುದಿಲ್ಲ. ಮಾಮೂಲು ಡಯಲರಿನಿಂದಲೇ ಮಾಡಬೇಕು, ಆಗ ಫೋನ್ ಯಾವ ಕಂಪನಿಯ ಟವರ್ ಸಿಕ್ಕರೂ ಅದನ್ನು ಹಿಡಿಯಲು ನೋಡುತ್ತದೆ. ಮೀನುಗಾರಿಕೆಗೆ ದೋಣಿ ಇಳಿಸುವವರು ದಡ ದಾಟಿದ ಮೇಲೆ ಯಾವ ಆ್ಯಪ್ಪನ್ನೂ ನಂಬುವಂತಿಲ್ಲ, ದೋಣಿಯ ವಿಎಚ್‌ಎಫ್ ರೇಡಿಯೋ ಸೆಟ್ಟಿನ 16ನೇ ಚಾನೆಲ್ ತೆರೆದಿರಲಿ. ದಡದಲ್ಲಿರುವ ಮನೆಯವರು ಕರಾವಳಿ ರಕ್ಷಣಾ ಪಡೆಗೆ ಕಾಲ್ ಮಾಡುವ ನಂಬರ್ 1554.

ಟವರೇ ಇಲ್ಲದ ಮನೆಯಲ್ಲಿ ಹತ್ತಿರದ ಪೊಲೀಸ್ ಠಾಣೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಪರಿಚಯದ ಜೀಪಿನವರು, ಈ ಮೂರರ ಪೂರ್ತಿ ನಂಬರನ್ನು, ಲ್ಯಾಂಡ್‌ಲೈನಾದರೆ ಎಸ್‌ಟಿಡಿ ಕೋಡ್ ಸಮೇತ, ದಪ್ಪ ಅಕ್ಷರದಲ್ಲಿ ಬರೆದು ಡಬ್ಬಿಯ ಪಕ್ಕ ಅಂಟಿಸಿ. ಇವಕ್ಕೆ ವೈ-ಫೈ ಕಾಲಿಂಗಿನಲ್ಲೂ ಲ್ಯಾಂಡ್‌ಲೈನಿನಲ್ಲೂ ಕಾಲ್ ಹೋಗುತ್ತದೆ. ಆದರೆ ಟವರ್ ನೋಡಿ ನೀವು ಎಲ್ಲಿದ್ದೀರಿ ಎಂದು ಅಂದಾಜು ಮಾಡಲು ಅವರಿಗೆ ಆಗುವುದಿಲ್ಲ. ಅದೇ ಚೀಟಿಯ ಕೊನೆಗೆ ಮನೆಗೆ ಬರುವ ದಾರಿಯನ್ನೂ ಬರೆಯಿರಿ: ತಾಲೂಕು, ಪಂಚಾಯ್ತಿ, ಊರು, ಬಸ್ಸು ನಿಲ್ಲುವ ತಿರುವು, ಅಲ್ಲಿಂದ ಎಷ್ಟು ಕಿಲೋಮೀಟರ್, ಮಳೆಗಾಲದಲ್ಲಿ ಯಾವ ಹಳ್ಳದ ಸಂಕ ದಾಟಬೇಕು. ಗಾಬರಿಯಲ್ಲಿ ರಿಸೀವರ್ ಹಿಡಿದವರು ಅದನ್ನು ನೋಡಿ ಓದಿ ಹೇಳಿದರೆ ಸಾಕು.